ಲೊರೇನ್ ಅಜ್ಜಿಯ ಗಿಡ ಉಳಿಸಿದ ತಾಹಿರಾ

ಬೆಳಗಿನ ಆರೂಕಾಲು. ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್‌ನಲ್ಲಿ ಆಗಸ್ಟ್ ತಿಂಗಳ ಸೆಕೆ ಆಗಲೇ ಶುರುವಾಗಿದೆ. ನಮಾಜ್ ಮುಗಿಸಿದ ತಾಹಿರಾ ದುಪಟ್ಟಾವನ್ನು ತಲೆಗೆ ಬಿಗಿದುಕೊಂಡು, ಹಿತ್ತಿಲ ಬೇಲಿಯ ಪಕ್ಕದ ಪೊದೆಯೊಳಗೆ ಕೈ ತೂರಿಸಿ ತಡಕುತ್ತಿದ್ದಾರೆ. ಅಂಚು ಹರಿದ ಹಸಿರು ಸಿಪ್ಪೆಯೊಳಗೆ ಅಡಗಿ ಕೂತ ಕಾಯಿಗಳು ಒಂದೊಂದಾಗಿ ಬುಟ್ಟಿಗೆ ಬೀಳುತ್ತವೆ. ಇದು ಈ ನೆಲದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಹೇಜಲ್‌ನಟ್. ಅಂಗಡಿಯದಕ್ಕಿಂತ ಚಿಕ್ಕದು, ಆದರೆ ಸಿಹಿ.

“ಅಳಿಲು ನನಗಿಂತ ಬೇಗ ಏಳುತ್ತೆ. ಇವತ್ತು ಬಿಟ್ರೆ ನಾಳೆ ಒಂದೂ ಇರಲ್ಲ,” ಎನ್ನುತ್ತಾ ಗಡಿಯಾರ ನೋಡುತ್ತಾರೆ. ಏಳಕ್ಕೆ ಶಾಲೆಯ ಅಡುಗೆಮನೆಯಲ್ಲಿರಬೇಕು. ಮುನ್ನೂರ ನಲವತ್ತು ಮಕ್ಕಳ ತಿಂಡಿ ಅವರ ಕೈಯಿಂದಲೇ ಹೋಗಬೇಕು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದ ತಾಹಿರಾಗೆ ಈಗ ಐವತ್ತಾರು. ೨೦೨೦ರಲ್ಲಿ ಶಾಲೆಯ ಕೆಲಸ ಅರ್ಧಕ್ಕರ್ಧ ಕಡಿಮೆಯಾದಾಗ, ಸುಮ್ಮನೆ ಕೂರಲಾರದೆ ನರ್ಸರಿಯಿಂದ ಒಂದು ಹೇಜಲ್‌ನಟ್ ಗಿಡ ತಂದು ನೆಟ್ಟರು. ಗಿಡ ಎದೆಯೆತ್ತರ ಬಂತು. ಎರಡು ಚಳಿಗಾಲ ಹೂ ಬಿಟ್ಟಿತು. ಕಾಯಿ ಮಾತ್ರ ಒಂದೂ ಇಲ್ಲ.

“ನಮ್ಮೆಜಮಾನ್ರು, ‘ಇದನ್ನ ಕಿತ್ತು ಪುದೀನ ಹಾಕು’ ಅಂತಿದ್ರು. ನಂಗೆ ಮನಸ್ಸು ಬರ್ಲಿಲ್ಲ. ನಾನೇ ಏನೋ ತಪ್ಪು ಮಾಡ್ತಿದ್ದೀನಿ ಅನ್ಸ್ತಿತ್ತು.”

೨೦೨೩ರ ಫೆಬ್ರವರಿಯಲ್ಲಿ ಎರಡು ಬೀದಿ ಆಚೆಯ ಹಳೆಯ ಮನೆಯ ಮುಂದೆ ಅಂಥದ್ದೇ ಪೊದೆ ಕಣ್ಣಿಗೆ ಬಿತ್ತು. ಬಾಗಿಲು ತಟ್ಟಿದರು. ಊರುಗೋಲು ಹಿಡಿದು ಬಂದವರು ಎಂಬತ್ತು ದಾಟಿದ, ಒಬ್ಬರೇ ವಾಸವಿದ್ದ ಲೊರೇನ್. ಆ ಗಿಡ ಅವರ ತಾಯಿ ನೆಟ್ಟದ್ದು. ತಾಹಿರಾ ಕಷ್ಟ ಹೇಳಿಕೊಂಡರೆ ಅಜ್ಜಿ ನಕ್ಕುಬಿಟ್ಟರು: “ನಿನ್ನ ತಪ್ಪೇನೂ ಇಲ್ಲ ಮಗಳೇ. ಅದು ಒಂಟಿ ಗಿಡ. ಬೇರೆ ಬೀಜದಿಂದ ಹುಟ್ಟಿದ ಗಿಡವೊಂದು ಜೊತೆಗಿರದೆ ಅದು ಕಾಯಿ ಕಟ್ಟಲ್ಲ. ನನ್ನ ಗಿಡಕ್ಕೆ ಮನೆ ಹಿಂದಿನ ಕಾಡಲ್ಲಿ ಜೊತೆ ಇದೆ.”

ಅಂದೇ ಅಜ್ಜಿ ಹಳದಿ ಹೂಗೊಂಚಲು ತೂಗುವ ನಾಲ್ಕು ಕೊಂಬೆ ಕತ್ತರಿಸಿ ಕೊಟ್ಟರು. ತಾಹಿರಾ ಅವನ್ನು ತಮ್ಮ ಗಿಡದ ಮೇಲೆ ಕೊಡವಿದರು. ಸೂಜಿಮೊನೆಯಷ್ಟು ಚಿಕ್ಕ ಕೆಂಪು ಹೂಗಳ ಮೇಲೆ ಪರಾಗದ ಹುಡಿ ಉದುರಿತು. ಆ ಆಗಸ್ಟ್‌ನಲ್ಲಿ ಹದಿನೇಳು ಕಾಯಿ! ಒಂಬತ್ತನ್ನು ಲೊರೇನ್‌ಗೆ ಕೊಟ್ಟು ಬಂದರು. ಅಲ್ಲಿಂದ ಪ್ರತಿ ಗುರುವಾರ ಅಜ್ಜಿಯ ಮನೆಯಲ್ಲಿ ಚಹಾ.

ಅದೇ ಸೆಪ್ಟೆಂಬರ್ ಕೊನೆಗೆ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿಯಿತು. ಡಿಸೆಂಬರ್ ಹೊತ್ತಿಗೆ ಮನೆ ಮಾರಾಟವಾಯಿತು, ಅಜ್ಜಿ ವೃದ್ಧಾಶ್ರಮ ಸೇರುವುದು ಖಚಿತವಾಯಿತು. ಕೊಂಡವರು ಜಾಗವನ್ನು ಸಪಾಟು ಮಾಡಿ ಟೌನ್‌ಹೌಸ್ ಕಟ್ಟುವವರು. ಸೋಮವಾರ ಬುಲ್‌ಡೋಜರ್ ಬರುತ್ತದೆಂದು ತಿಳಿದಾಗ ತಾಹಿರಾ ಕೈಯಲ್ಲಿ ಉಳಿದದ್ದು ಒಂದು ಭಾನುವಾರ. ಗಂಡ ಅಖ್ತರ್ ಗುದ್ದಲಿ ಹಿಡಿದು ಬಂದರು. ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತ ಲೊರೇನ್, “ಇನ್ನೂ ಆಚೆ ಅಗಿ, ಬೇರು ಅಲ್ಲಿದೆ,” ಎಂದು ಹೇಳಿಕೊಡುತ್ತಾ ಹೋದರು. ಮಧ್ಯಾಹ್ನದ ಹೊತ್ತಿಗೆ ಬೇರುಸಮೇತ ಒಂದು ಬುಡ ಕಿತ್ತು ಬಂತು.

“ಗಿಡ ಕಾರಿನ ಡಿಕ್ಕಿಗೆ ಹಾಕುವಾಗ ಮಿಸ್ ಲೊರೇನ್ ಎಲೆ ಮುಟ್ಟೋಕೆ ನೋಡಿದ್ರು. ಡಿಸೆಂಬರ್ ಅಲ್ವಾ, ಒಂದು ಎಲೆನೂ ಇರ್ಲಿಲ್ಲ. ಕೊಂಬೆನೇ ಸವರಿದ್ರು,” ಎನ್ನುತ್ತಾರೆ ತಾಹಿರಾ.

ಆ ಗಿಡದಿಂದ ಸೆಪ್ಟೆಂಬರ್‌ನಲ್ಲೇ ಆರಿಸಿಟ್ಟ ನೂರು ಬೀಜ ಅವರ ಬಳಿ ಇದ್ದವು. ನೀರಿಗೆ ಹಾಕಿ, ತೇಲಿದ ಜೊಳ್ಳು ಎಸೆದು, ಉಳಿದ ಎಪ್ಪತ್ತನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಫ್ರಿಜ್ ಸೇರಿಸಿದರು. ಚಳಿ ಉಣ್ಣದೆ ಈ ಬೀಜ ಮೊಳೆಯದು. “ನಾಕು ತಿಂಗಳು ನನ್ನ ಕೊತ್ತಂಬರಿಗೆ ಜಾಗ ಇರ್ಲಿಲ್ಲ,” ಎಂದು ಅಖ್ತರ್ ಒಳಗಿಂದಲೇ ಕೂಗಿ ಹೇಳುತ್ತಾರೆ.

ನಲವತ್ತೊಂದು ಮೊಳೆತವು. ತಾಹಿರಾ ಅವನ್ನು ಇಪ್ಪತ್ತು ಮನೆಗಳಿಗೆ ಹಂಚಿದರು, ಒಂದೊಂದು ಮನೆಗೂ ಎರಡೆರಡು, ಒಂಟಿಯಾಗದಂತೆ. ಯಾರಿಂದಲೂ ದುಡ್ಡು ತೆಗೆದುಕೊಳ್ಳಲಿಲ್ಲ. ಉಳಿದ ಒಂದನ್ನು ವೃದ್ಧಾಶ್ರಮದವರ ಒಪ್ಪಿಗೆ ಪಡೆದು ಲೊರೇನ್ ಕಿಟಕಿಯ ಹೊರಗೆ ನೆಟ್ಟರು. ಅದೀಗ ಮೊಣಕಾಲುದ್ದ.

ಕಿತ್ತು ತಂದು ತಾಹಿರಾ ಹಿತ್ತಿಲಲ್ಲಿ ನೆಟ್ಟ ಬುಡ ಒಂದು ವರ್ಷ ಮುನಿಸಿಕೊಂಡಂತೆ ನಿಂತಿತ್ತು. ಈ ವರ್ಷ ಮೊದಲ ಬಾರಿ ಕಾಯಿ ಕಟ್ಟಿದೆ. ಕಳೆದ ಗುರುವಾರ ಹಲ್ಲಿಲ್ಲದ ಲೊರೇನ್‌ಗೆಂದು ತಾಹಿರಾ ಅದನ್ನು ಹುರಿದು, ಕುಟ್ಟಿ, ಜೇನಿನಲ್ಲಿ ಕಲಸಿ ಒಯ್ದರು. ಈಚೆಗೆ ಹೆಸರುಗಳನ್ನು ಮರೆಯುತ್ತಿರುವ ಅಜ್ಜಿ ಒಂದು ಚಮಚ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. “ಇದು ನಮ್ಮಮ್ಮಂದು,” ಎಂದರು.

ಇನ್ನೇನು ಆಸೆ ಎಂದು ಕೇಳಿದರೆ, ಕಾರಿನ ಕೀ ಹುಡುಕುತ್ತಲೇ ತಾಹಿರಾ ಹೇಳುತ್ತಾರೆ: “ಆ ಇಪ್ಪತ್ತು ಮನೆಯೋರು, ಮೊದಲ ಕಾಯಿ ಬಂದಾಗ ನಂಗೊಂದು ಫೋಟೋ ಕಳಿಸಿದ್ರೆ ಸಾಕು. ಮಿಸ್ ಲೊರೇನ್‌ಗೆ ತೋರಿಸ್ಬೇಕು. ಬೇಗ ಬಂದ್ರೆ ಒಳ್ಳೇದು.”