ಐವತ್ತು ತುಂಬಿದ ಅಪ್ಪನಿಗೊಂದು ಕುರ್ಚಿ

ಕಾರಣವಿಲ್ಲದೆ ಯಾರಾದರೂ ಏನಾದರೂ ಕೊಟ್ಟರೆ ನಾನು ಮೊದಲು ಅದನ್ನು ತಿರುವಿ ನೋಡುತ್ತೇನೆ. ಊಟದ ಪಂಕ್ತಿಯಲ್ಲಿ ಗುರುತಿಲ್ಲದವರು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ಒತ್ತಾಯಿಸಿದರೆ, ಇವರ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಮಗಳಿರಬೇಕು ಎಂದುಕೊಳ್ಳುತ್ತಿದ್ದ ಕಾಲವೂ ಒಂದಿತ್ತು. ಈ ಗುಣ ನಾನು ಗಳಿಸಿದ್ದಲ್ಲ, ಪಿತ್ರಾರ್ಜಿತ. ಲಕ್ಷ್ಮೇಶ್ವರದ ಪೇಟೆಯಲ್ಲಿ ನಮ್ಮಪ್ಪನದು ಕಾಳಿನ ದಲಾಲಿ ಅಂಗಡಿ. ಚೀಲದ ಬಾಯಲ್ಲಿ ಚಲೋ ಜೋಳ ಕಂಡಷ್ಟೂ ಅಪ್ಪ ತಳಕ್ಕೆ ಕೈ ಹಾಕುತ್ತಿದ್ದ. ಯಾರಾದರೂ ನಯವಾಗಿ ಮಾತಾಡಿದರೆ ಅವರು ಅತ್ತ ಹೋದ ಮೇಲೆ "ಬಾಯಿ ಬೆಲ್ಲ, ಕರುಳು ಕತ್ತರಿ" ಅನ್ನುತ್ತಿದ್ದ.

ಇಂಥ ಮನುಷ್ಯನಿಗೆ ಉಡುಗೊರೆ ಕೊಡುವ ಹುಚ್ಚು ನಮಗೆ ಹಿಡಿದದ್ದು ಕನ್ನಡ ನಾಡು ಒಂದಾದ ವರ್ಷ. ಹುಚ್ಚು ಬಂದದ್ದು ಗದಗಿನಿಂದ, ಅಂದರೆ ಅಲ್ಲಿಗೆ ಲಗ್ನವಾಗಿ ಹೋದ ನಮ್ಮಕ್ಕನಿಂದ. ಅವಳ ನೆರೆಮನೆಯ ವಕೀಲರಿಗೆ ಐವತ್ತು ತುಂಬಿದಾಗ ಮಕ್ಕಳು ಆರತಿ ಮಾಡಿ ಶಾಲು ಹೊದಿಸಿದ್ದರಂತೆ. ಅಪ್ಪ ಹುಟ್ಟಿದ್ದು ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋಗಿದ್ದಾಗ ಎಂದು ಅಜ್ಜಿ ಹೇಳುತ್ತಿದ್ದಳು. ಅಕ್ಕ ಅದನ್ನೇ ಹಿಡಿದು ಲೆಕ್ಕ ಹಾಕಿ, ಈ ದೀಪಾವಳಿಗೆ ಅಪ್ಪನಿಗೂ ಐವತ್ತು ಎಂದು ತೀರ್ಮಾನಿಸಿದಳು. ಪ್ಲೇಗು ಒಂದೇ ಸಲ ಬಂದದ್ದಲ್ಲ ಎಂದು ನಾನು ಹೇಳಲು ಹೋಗಿ ಬೈಸಿಕೊಂಡೆ.

ಏನು ಕೊಡುವುದು? ನಡುವಯಸ್ಸಿನ ಗಂಡಸಿಗೆ ಏನು ಕೊಟ್ಟರೂ ಒಂದು ಆರೋಪ ಹೊರಿಸಿದಂತೆಯೇ ಎಂಬುದು ನನಗೆ ಆಗ ಗೊತ್ತಾಯಿತು. ಚಾಳೀಸು ಕೊಟ್ಟರೆ ಕಣ್ಣು ಮಂಜಾಯಿತು ಎಂದಂತೆ. ಬೆತ್ತ ಕೊಟ್ಟರೆ ಕಾಲು ಸೋತವು ಎಂದಂತೆ. ಕಂಬಳಿ ಕೊಟ್ಟರೆ ಹಾಸಿಗೆ ಹಿಡಿಯುವ ಹೊತ್ತು ಬಂತು ಎಂದಂತೆ. ಕೈಗಡಿಯಾರವಾದರೂ ಆದೀತು ಎಂದರೆ, ಗಡಿಯಾರ ನೋಡುವವರು ಮನೆಗೆ ಹೋಗಲು ಅವಸರ ಮಾಡುವ ಗುಮಾಸ್ತರು ಎಂಬುದು ಅಪ್ಪನ ಮತ. ಕೊನೆಗೆ ಅಕ್ಕ ಗದಗಿನಲ್ಲಿ ಒಂದು ಆರಾಮ ಕುರ್ಚಿ ಮಾಡಿಸಿದಳು. ಸಾಗವಾನಿ ಕಟ್ಟು, ಬೆಟಗೇರಿ ನೇಕಾರರ ದಪ್ಪ ಬಟ್ಟೆಯ ಜೋಲಿ. ಅದು ಮೋಟಾರಿನ ಟಾಪಿನ ಮೇಲೆ ಕುಳಿತು ಲಕ್ಷ್ಮೇಶ್ವರಕ್ಕೆ ಬಂತು.

ಅಪ್ಪ ಕುರ್ಚಿಯ ಕಾಲು ಬಡಿದು ನೋಡಿದ. ಬಟ್ಟೆ ಮೂಸಿದ. ಬಗ್ಗಿ ಅದರ ಕೆಳಗೆ ಏನಿದೆಯೆಂದೂ ನೋಡಿದ. ಆಮೇಲೆ ನನ್ನನ್ನು ಕೇಳಿದ, "ಇದನ್ನ ಎಲ್ಲಿ ಇಡಾವ್ರು?"

"ಅಂಗಡ್ಯಾಗ ಗಾದಿ ಐತಲ್ಲಪಾ. ಇದು ಮನಿ ಪಡಸಾಲ್ಯಾಗ ಇರಲಿ. ಇನ್ನ ಮ್ಯಾಲೆ ಆರಾಮ ಕುಂಡ್ರು" ಅಂದೆ.

"ನಾ ಇಲ್ಲಿ ಕುಂತ್ರ ಗಾದಿ ಮ್ಯಾಲೆ ಯಾರ ಕುಂಡ್ರಾವ್ರು?"

ನಮ್ಮ ಪೇಟೆಯಲ್ಲಿ ಗಾದಿ ಅಂದರೆ ಬರೀ ಹತ್ತಿಯ ಹಾಸಿಗೆಯಲ್ಲ. ಅದರ ಮೇಲೆ ಕುಳಿತವನೇ ಯಜಮಾನ. ಅಂಥವನ ಮುಂದೆ ಕುರ್ಚಿ ತಂದಿಟ್ಟು, ಮನೆಯಲ್ಲಿ ಆರಾಮ ಕೂಡ್ರು ಎನ್ನುವಷ್ಟು ಬುದ್ಧಿ ಅಂಗಡಿಯಲ್ಲೇ ಬೆಳೆದ ನನಗಿತ್ತು.

"ರಾಜರಿಗೂ ಹಿಂಗ ಮಾಡಿದ್ರು. ಮೊದಲ ಹಾರ ಹಾಕಿದ್ರು, ಭಾಷಣ ಮಾಡಿದ್ರು. ಚಲೋ ಕುರ್ಚಿ ಮ್ಯಾಲೆ ಕುಂಡ್ರಿಸಿ ಫೋಟೋ ತಗದ್ರು. ಫೋಟೋ ಕೈಗೆ ಬರೂದ್ರಾಗ ರಾಜ್ಯ ಇರಲಿಲ್ಲ" ಅಂದ ಅಪ್ಪ.

ಈ ಮಾತನ್ನು ಸುಳ್ಳೆನ್ನುವಂತಿರಲಿಲ್ಲ. ಸ್ವಾತಂತ್ರ್ಯ ಬರುವತನಕ ನಮ್ಮೂರು ಸಂಸ್ಥಾನದ ರಾಜರದು, ಗದಗು ಇಂಗ್ರೇಜರದು, ಮುಂಡರಗಿಯ ಆಚೆ ಸ್ವಲ್ಪ ದೂರ ಹೋದರೆ ನಿಜಾಮನದು. ಅಪ್ಪ ಕೂತ ಗಾದಿಯಿಂದ ಏಳದೆಯೇ ರಾಜರ ಪ್ರಜೆಯಾಗಿದ್ದವನು ಮುಂಬಯಿ ಪ್ರಾಂತ್ಯದವನಾದ, ಈಗ ಮೈಸೂರು ರಾಜ್ಯದವನಾಗಿದ್ದ. ನಾಡು ಒಂದಾದ ದಿನ ಪೇಟೆಯಲ್ಲಿ ಪೇಢೆ ಹಂಚಿದಾಗ ಎಲ್ಲರಂತೆ ಅವನಿಗೂ ಕಣ್ಣು ತುಂಬಿ ಬಂದಿತ್ತು. ಆದರೂ ತಿನ್ನುವ ಮೊದಲು ಪೇಢೆಯನ್ನು ಮುರಿದು ಒಳಗೆ ನೋಡಿದ್ದ.

ಕುರ್ಚಿ ಬಂದ ಮಾರನೆಯ ದಿನದಿಂದ ಅಪ್ಪ ಬೆಳಗಾಗುವ ಮೊದಲೇ ಅಂಗಡಿಗೆ ಹೊರಟ. ಅಂಗಡಿಯ ಕೀಲಿಕೈಗಳು ಅವನ ಸೊಂಟದ ಉಡದಾರಕ್ಕೆ ಏರಿದವು. ಅದಕ್ಕೆಲ್ಲ ನನಗೆ ನಗು ಬರುತ್ತಿತ್ತು, ಆದರೆ ಒಂದು ಮಾತ್ರ ಚುಚ್ಚಿತು. ನಮ್ಮ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದು ಹೇಳುತ್ತಾರೆ. ಅಪ್ಪ ಬಿಡುವಿದ್ದಾಗಲೆಲ್ಲ ನನ್ನ ಕೈಮೇಲೆ ವಲ್ಲಿ ಹಾಕಿ ಆ ಬೆರಳ ಭಾಷೆ ಕಲಿಸುತ್ತಿದ್ದ. ಕುರ್ಚಿ ಬಂದ ಮೇಲೆ ಅದು ನಿಂತುಹೋಯಿತು. ನನಗೆ ಗಾದಿ ಬೇಕಾಗಿರಲಿಲ್ಲ, ಅದರ ಮಗ್ಗುಲಿನ ಜಾಗ ಬೇಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ, ಅಪ್ಪನ ಕಿವಿಗೆ ಗಾದಿ ಎಂಬ ಮಾತೊಂದೇ ಬಿದ್ದೀತೆಂದು ಸುಮ್ಮನಿದ್ದೆ.

ಪಡಸಾಲೆಯಲ್ಲಿ ಕುರ್ಚಿ ಅನಾಥವಾಗಿ ಬಿದ್ದಿತ್ತು. ಒಂದು ಮಧ್ಯಾಹ್ನ ನಾನೂ ಅಪ್ಪನೂ ಊಟಕ್ಕೆ ಬಂದರೆ ಅದರಲ್ಲಿ ಅವ್ವ ಕುಳಿತಿದ್ದಳು! ಮೊರ ತೊಡೆಯ ಮೇಲಿಟ್ಟುಕೊಂಡು ಕಡಲೆ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ಏಳಲಿಲ್ಲ. ಅಪ್ಪ ಹೊಸ್ತಿಲಲ್ಲೇ ನಿಂತ.

"ಹಿಂಗ್ಯಾಕ ನೋಡ್ತೀರಿ? ನಿಮಗ ಹುಡುಗ್ರು ಏನರ ಕೊಟ್ರಂತ ಸಂಶೇ ಪಟ್ರಿ. ನನಗ ಇಷ್ಟ ವರ್ಷದಾಗ ಯಾರೂ ಸಂಶೇ ಬರೂವಂಥಾದ್ದು ಏನೂ ಕೊಟ್ಟಿಲ್ಲ" ಅಂದಳು ಅವ್ವ. ಕಡಲೆಯಿಂದ ಒಂದು ಹರಳು ಆರಿಸಿ ಒಗೆದು, "ಮಗಾ ಮಗ್ಗಲಕ ಕುಂತು ಕಲೀಲಿಕ್ಕೆ ಹಾತೊರಿಯಾಕ ಹತ್ಯಾನ. ನೀವು ಕೀಲಿ ಕಾಯ್ಕೋತ ಕುಂತೀರಿ" ಅಂದಳು.

ಅಪ್ಪ ನನ್ನ ಮುಖ ನೋಡಿದ. ಅಲ್ಲಿ ಅವನಿಗೆ ಏನು ಕಂಡಿತೋ ತಿಳಿಯದು. ಆಮೇಲೆ ಅವ್ವನ ಕಡೆ ತಿರುಗಿ, "ಕುರ್ಚಿ ಹೆಂಗೈತಿ?" ಅಂದ.

"ಬೆನ್ನಿಗೆ ಹಿತಾ ಐತ್ರಿ. ಕುಂತ ನೋಡ್ರಿ ಬೇಕಾರ."

"ಬ್ಯಾಡ. ನೀನ ಕುಂಡ್ರು" ಅಂದ ಅಪ್ಪ. ಹೀಗೆ ಐವತ್ತರ ಉಡುಗೊರೆ ಅವ್ವನಿಗೆ ಸಂದಿತು.

ಮರುದಿನ ಶಿರಹಟ್ಟಿಯ ಕಡಲೆ ಖರೀದಿದಾರನೊಬ್ಬ ಅಂಗಡಿಗೆ ಬಂದ. ಅಪ್ಪ ಗಾದಿಯ ಮೇಲೆ ಒಂಚೂರು ಆಚೆ ಸರಿದು, ತನ್ನ ವಲ್ಲಿಯನ್ನು ನನ್ನ ಕೈಮೇಲೆ ಹಾಕಿ, "ನೀ ಮುಗಸು" ಅಂದ. ವಲ್ಲಿಯೊಳಗೆ ನಾನು ಖರೀದಿದಾರನ ಬೆರಳು ಹಿಡಿದೆ. ಬೆರಳುಗಳ ಜಗ್ಗಾಟ ಮುಗಿದ ಮೇಲೆ ದರವನ್ನು ಅಪ್ಪನ ಕಿವಿಯಲ್ಲಿ ಹೇಳಿದೆ. "ಚಲೋ ಆತು" ಎಂದು ಅಪ್ಪ ನನ್ನ ಬೆನ್ನು ತಟ್ಟಿದ.

ಆಮೇಲೆ ಚಪ್ಪಲಿ ಮೆಟ್ಟಿ ಖರೀದಿದಾರನ ಬೆನ್ನಹಿಂದೆಯೇ ಹೊರಗೆ ಹೋದ. ಬೇವಿನ ಗಿಡದ ಕೆಳಗೆ ಅವನ ಕೈಮೇಲೆ ವಲ್ಲಿ ಹಾಕಿ, ನಾನು ಹೇಳಿದ ದರ ಖರೆಯೋ ಸುಳ್ಳೋ ಎಂದು ಬೆರಳು ಹಿಡಿದು ಕೇಳಿಕೊಂಡು ಬಂದ. ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ. ಪೂರ್ತಿ ನಂಬಿ ಸುಮ್ಮನೆ ಕುಳಿತಿದ್ದರೆ, ಅಪ್ಪನಿಗೆ ಮೈಯಲ್ಲಿ ಆರಾಮಿಲ್ಲವೆಂದು ನಾನೇ ಡಾಕ್ಟರರ ಮನೆಗೆ ಓಡುತ್ತಿದ್ದೆ.