ಅಜ್ಜಿಯ ಒಣ ಅಂಗೈ

ಆಗ ನಾವಿದ್ದ ಡಚ್ ಊರು ರೈಸ್‌ವೈಕ್‌ನಲ್ಲಿ ರಾಗಿಹಿಟ್ಟು ಸಿಗುತ್ತಿರಲಿಲ್ಲ. ನನಗೆ ಹತ್ತು ವರ್ಷವಿದ್ದಾಗ, ಬೇಸಿಗೆ ಕಳೆಯಲು ಮಂಡ್ಯದಿಂದ ಬಂದ ಅಜ್ಜಿ ಸೂಟ್‌ಕೇಸ್ ತುಂಬ ಅದನ್ನೇ ತಂದಿದ್ದಳು. ಫ್ಲ್ಯಾಟ್‌ನ ಮೆಟ್ಟಿಲವರೆಗೂ ಹುರುಳಿ ಬಸ್ಸಾರಿನ ವಾಸನೆ. ಮುದ್ದೆ ಮುರಿದು, ಅದ್ದಿ, ಅಗಿಯದೆ ನುಂಗುವುದನ್ನು ಅವಳೇ ಕಲಿಸಿದಳು. ಉಂಡ ಮೇಲೆ ನಮ್ಮಿಬ್ಬರಿಗೂ ಪಂದ್ಯ: ಅಂಗೈ ತೋರಿಸಬೇಕು. ಸಾರು ಬೆರಳ ಎರಡನೇ ಗೆಣ್ಣು ದಾಟಿದ್ದರೆ ಸೋತಂತೆ.

"ಎಮ್ಮೆ ಕೆಸರಲ್ಲಿ ಹೊಳ್ಳಾಡ್ದಂಗೆ ಉಂಡಿದ್ದೀಯಲ್ಲೋ ಮಗ!"

ಅವಳ ಅಂಗೈ ಎಂದೂ ಒದ್ದೆಯಾದದ್ದಿಲ್ಲ.

ಒಂದು ಶನಿವಾರ ಅಪ್ಪನ ಡಚ್ ಮ್ಯಾನೇಜರು ಊಟಕ್ಕೆ ಬರುವವನಿದ್ದ. ವಾರವಿಡೀ ಅಪ್ಪ ನನ್ನ ಎಡಗೈಗೆ ಫೋರ್ಕು, ಬಲಗೈಗೆ ಚಾಕು ಹಿಡಿಸಿ ಕೂರಿಸಿದ. ಅಜ್ಜಿಗೂ ಒಂದು ಫೋರ್ಕ್ ಕೊಟ್ಟ. "ಇದ್ರಲ್ಲಿ ತಿಪ್ಪೆ ಕೆದಕ್ಬೋದು" ಎಂದು ಅವಳು ಪಕ್ಕಕ್ಕಿಟ್ಟಳು. ಅವಳನ್ನು ಮೇಜಿಗೆ ಕೂರಿಸುವುದೋ ಬೇಡವೋ ಎಂದು ಅಪ್ಪ ಅಮ್ಮ ಪಿಸುಗುಟ್ಟುತ್ತಿದ್ದರು.

ದೊಡ್ಡವರ ಊಟದ ಮೇಜು ಹೇಗಿರುತ್ತದೆಂದು ನೋಡಲಿ ಎಂದು ಅಪ್ಪ ನಮ್ಮನ್ನು ಮ್ಯೂಸಿಯಂ ಆಗಿದ್ದ ಹಳೆಯ ಕೋಟೆಮನೆಯೊಂದಕ್ಕೆ ಕರೆದೊಯ್ದ. ಉದ್ದ ಮೇಜು, ಬೆಳ್ಳಿ ಬೋಗುಣಿ, ಚಾಕು, ಚಮಚ. ಫೋರ್ಕ್ ಮಾತ್ರ ಇರಲಿಲ್ಲ. ಗೈಡ್ ಹೆಂಗಸು ಹೇಳಿದ್ದನ್ನು ನಾನು ಅಜ್ಜಿಗೆ ಕನ್ನಡ ಮಾಡಿದೆ: ಇಲ್ಲಿಯ ಧಣಿಗಳು ಮೂರು ಬೆರಳಲ್ಲಿ ತಿನ್ನುತ್ತಿದ್ದರಂತೆ. ಐದೂ ಬೆರಳು ಅದ್ದಿದವನು ಕೀಳು. ಫೋರ್ಕ್ ಹೊಸದಾಗಿ ಬಂದಾಗ ಹಿಡಿದವನನ್ನು ನೋಡಿ ನಗುತ್ತಿದ್ದರಂತೆ.

ಅಜ್ಜಿ ಅಪ್ಪನತ್ತ ಅಂಗೈ ಎತ್ತಿ ತೋರಿಸಿದಳು. "ಕೇಳ್ದೇನ್ಲಾ? ನಿನ್ ದೊಡ್ಡೋರೂ ನನ್ನಂಗೇ ಉಂಡೋರು!" ಗೈಡ್ ಏನೂ ತಿಳಿಯದೆ ತಾನೂ ಕೈ ಎತ್ತಿದಳು.

"ಅದು ಆಗ ಕಣವ್ವ" ಎಂದ ಅಪ್ಪ.

ಶನಿವಾರ ಅಜ್ಜಿಗೆ ಅಡುಗೆಮನೆಯಲ್ಲೇ ಬಡಿಸಿ ಬಾಗಿಲು ಮುಂದೆ ಮಾಡಿದರು. ನಾನು ತಟ್ಟೆಗೆ ಸದ್ದಾಗದಂತೆ ಕೋಳಿ ಕುಯ್ದು ತಿಂದೆ. ಮ್ಯಾನೇಜರು "ನೆಟ್ಯಸ್" ಎಂದ. ಅಚ್ಚುಕಟ್ಟು ಎಂದರ್ಥ. ಅಪ್ಪನ ಮುಖ ಅರಳಿತು. ಮ್ಯಾನೇಜರು ಹೋದ ಮೇಲೆ ಅಡುಗೆಮನೆಗೆ ಓಡಿದೆ.

"ಕೈ ತೋರ್ಸಜ್ಜಿ."

"ತೊಳ್ದಾಯ್ತು ಮಗ."

ಊರಿಗೆ ಹೊರಡುವವರೆಗೂ ಅವಳು ಮತ್ತೆ ಪಂದ್ಯ ಕಟ್ಟಲಿಲ್ಲ.

ನಾನು ಹದಿನಾರಕ್ಕೇ ಸ್ಕೂಲು ಬಿಟ್ಟು ಟೈಲ್ಸ್ ಕೆಲಸಕ್ಕೆ ನಿಂತವನು. ನಾನು ಟೈಲ್ಸ್ ಕೂರಿಸಿದ ಬಚ್ಚಲಲ್ಲಿ ನೀರು ಒಂದು ಹನಿ ನಿಲ್ಲುವುದಿಲ್ಲ. ಬೇಕಾದರೆ ಬಂದು ನೋಡಿ. ಈಗ ರಾಗಿಹಿಟ್ಟು ಇಲ್ಲೇ ಅಂಗಡಿಯಲ್ಲಿ ಸಿಗುತ್ತದೆ. ಹೋದ ವಾರ ಮುದ್ದೆ ತಿರುವಿದೆ. ಮಗಳು ಫೋರ್ಕ್‌ನಲ್ಲಿ ಚುಚ್ಚಿ, "ಪಪ್ಪಾ, ಸ್ಟಿಕ್ಕಿ" ಎಂದು ತಟ್ಟೆ ಸರಿಸಿದಳು. ನನ್ನ ಕೈಯೂ ತಾನಾಗಿ ಫೋರ್ಕ್ ಹಿಡಿದಿತ್ತು. ಹಾಗೇ ಉಂಡು ಮುಗಿಸಿದೆ. ಅಂಗೈ ಪೂರ್ತಿ ಒಣಗೇ ಇತ್ತು. ತೋರಿಸು ಎನ್ನುವವರು ಯಾರೂ ಇರಲಿಲ್ಲ.