ಸೀರೆಗೆ ಐಸ್ ಹಾಕುವ ಹೊತ್ತು

ಕುಂದಾಪುರಕ್ಕೆ ಬಂದರೆ ಬಟ್ಟೆಬರೆ ಎಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು ಎಂದು ಪರವೂರಿನ ಗೆಳತಿಯರು ಈಗಲೂ ನನ್ನನ್ನು ಕೇಳುತ್ತಾರೆ. ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಪೇಟೆಗೆ ಹೊರಟರೆ ಎಲ್ಲಿಗೆ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಎಷ್ಟು ಹೊತ್ತಿಗೆ ಎಂಬುದೊಂದೇ ಪ್ರಶ್ನೆ. ಅದಕ್ಕೂ ಉತ್ತರ ಒಂದೇ, ಸಂಜೆಗೆ.

ಅಮ್ಮ ಗಂಗೊಳ್ಳಿಯಲ್ಲಿ ಮೀನು ಮಾರುತ್ತಿದ್ದಳು. ಮೀನಿನ ವ್ಯಾಪಾರದಲ್ಲಿ ಬೆಳಿಗ್ಗೆ ಮಾರುವವರದು ಜೋರು, ಸಂಜೆ ಕೊಳ್ಳುವವರದು ಜೋರು. ಹೊತ್ತು ಇಳಿದ ಮೇಲೆ ಬುಟ್ಟಿಯಲ್ಲಿ ಉಳಿದದ್ದಕ್ಕೆ ಐಸ್ ಹಾಕಬೇಕು. ಐಸ್ ಬಿಟ್ಟಿ ಬರುವುದಿಲ್ಲ, ಹಾಕಿದರೂ ಮರುದಿನ ಅದನ್ನು ಯಾರೂ ತಾಜಾ ಎಂದು ನಂಬುವುದಿಲ್ಲ. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಕೇಳಿದ ರೇಟಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇಷ್ಟರವರೆಗೆ ಸರಿಯೇ. ಆದರೆ ಅಮ್ಮ ಈ ನಿಯಮವನ್ನು ಕೊಡೆ, ಬಳೆ, ಶಾಲೆಯ ಬ್ಯಾಗು, ಪ್ಲಾಸ್ಟಿಕ್ ಸ್ಟೂಲು, ಎಲ್ಲದಕ್ಕೂ ಹಚ್ಚಿಬಿಟ್ಟಿದ್ದಳು.

"ಅಮ್ಮ, ಸ್ಟೂಲ್ ಹಾಳಾತ್ತಾ?" ಎಂದು ನಾನೊಮ್ಮೆ ಕೇಳಿದ್ದೆ.

"ಸ್ಟೂಲ್ ಹಾಳಾತ್ತಿಲ್ಲೆ. ಅಂಗ್ಡಿಯವ್ನ್ ಧೈರ್ಯ ಹಾಳಾತ್ತ್" ಎಂದಿದ್ದಳು. ಇಂಥವರ ಹತ್ತಿರ ವಾದ ಮಾಡುವುದು ಹೇಗೆ?

ಹಾಗಂತ ಮಧ್ಯಾಹ್ನ ಊಟ ಮುಗಿಸಿ ಹೊರಡೋಣವೆಂದರೆ ಅದೂ ಆಗದು. ಬೆಳಿಗ್ಗೆಯೇ ಹೋಗಿ ಮಾಲು ನೋಡಿಡಬೇಕು. ನೋಡುವುದಕ್ಕೂ ಕ್ರಮವಿತ್ತು. ಬೇಕಾದದ್ದನ್ನು ಕಣ್ಣೆತ್ತಿ ನೋಡಬಾರದು. ಬೇಡದ್ದನ್ನು ಬಾಯಿತುಂಬ ಹೊಗಳಬೇಕು. ಮುಖ ಮಾತ್ರ ಹೊಟ್ಟೆನೋವು ಬಂದವರ ಹಾಗೆ ಇರಬೇಕು. ನಾನು ಚಿಕ್ಕಂದಿನಿಂದಲೂ ಇದರಲ್ಲಿ ಪಳಗಿದ್ದೆ. ಅಕ್ಕನಿಗೆ ಮಾತ್ರ ಒಂಚೂರೂ ಬರುತ್ತಿರಲಿಲ್ಲ. ಅವಳಿಗೆ ಏನು ಇಷ್ಟವಾದರೂ ಹಲ್ಲು ಕಾಣುತ್ತಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಅಕ್ಕನಿಗೆ ಬ್ರಹ್ಮಾವರದ ಸಂಬಂಧ ಕೂಡಿಬಂದಿತ್ತು. ನಿಶ್ಚಿತಾರ್ಥಕ್ಕೆ ಸೀರೆ ತೆಗೆಯಲು ನಾವು ಮೂವರೂ ದೋಣಿಯಲ್ಲಿ ಹೊಳೆ ದಾಟಿ ಬೆಳಿಗ್ಗೆಯೇ ಕುಂದಾಪುರ ಸೇರಿದೆವು. ಎರಡನೆಯ ಅಂಗಡಿಯಲ್ಲೇ ಅಕ್ಕನಿಗೆ ಒಂದು ಸೀರೆ ಸಿಕ್ಕಿತು. ನೇರಳೆ ಬಣ್ಣ, ಗಿಳಿ ಹಸಿರು ಅಂಚು. ಅಂಗಡಿಯವರು ಅದನ್ನು ಅವಳ ಹೆಗಲಿಗೆ ಹಾಕಿ ಕನ್ನಡಿ ತೋರಿಸಿದರು. ಅಕ್ಕ ಕನ್ನಡಿಯಲ್ಲಿ ತನ್ನನ್ನೇ ಗುರುತು ಸಿಗದವಳ ಹಾಗೆ ನೋಡಿದಳು. ಆಮೇಲೆ ಎಲ್ಲ ಹಲ್ಲೂ ಕಂಡವು.

"ಬಾಯಿ ಮುಚ್ಕೊ ಹೆಣೆ" ಎಂದು ಅಮ್ಮ ಹಿಂದಿನಿಂದ ಚಿವುಟಿದಳು. ತಡವಾಗಿತ್ತು. ಅಂಗಡಿಯವರು ನೋಡಿಯಾಗಿತ್ತು.

"ಇದ್ ಒಂದೇ ಪೀಸ್ ಬಂದದ್ದ್. ಇನ್ ಬತ್ತಿಲ್ಲೆ" ಎಂದರು ಅವರು, ರೇಟು ಹೇಳಿದ ಮೇಲೆ.

ಅಮ್ಮ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಅದುಮಿದಳು, ಮೀನಿನ ಹೊಟ್ಟೆ ಅದುಮುವ ಹಾಗೆ. "ಸಂಜಿಗ್ ಬತ್ತೊ" ಎಂದು ನಮ್ಮಿಬ್ಬರನ್ನೂ ಹೊರಗೆ ಎಳೆದುಕೊಂಡು ಬಂದಳು.

ರಸ್ತೆಯಾಚೆ, ಅಂಗಡಿಗೆ ಸರಿಯಾಗಿ ಎದುರು, ಬಸ್ಸಿಗೆ ಕಾಯುವವರ ಕಲ್ಲುಬೆಂಚಿತ್ತು. ಅಲ್ಲಿ ಕುಳಿತೆವು. ಸಿದ್ದಾಪುರದ ಬಸ್ಸು ಬಂತು, ಬೈಂದೂರಿನ ಬಸ್ಸು ಬಂತು, ಪ್ರತಿ ಕಂಡಕ್ಟರನೂ ನಮ್ಮನ್ನು ಕೈಬೀಸಿ ಕರೆದ. ಸಿದ್ದಾಪುರದ ಬಸ್ಸಿನ ಡ್ರೈವರನಿಗಂತೂ ನಾವು ಹತ್ತದಿದ್ದುದು ಮನಸ್ಸಿಗೆ ನೋವಾಯಿತೆಂದು ಕಾಣುತ್ತದೆ, ಮುಂದಿನ ಟ್ರಿಪ್ಪಿನಲ್ಲಿ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮ ಕಂಬಕ್ಕೆ ಒರಗಿ ನಿದ್ದೆ ತೆಗೆದಳು. ಅಕ್ಕ ಅಂಗಡಿಯ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಯಾರಾದರೂ ಕಟ್ಟು ಹಿಡಿದುಕೊಂಡು ಹೊರಬಂದರೆ ಸಾಕು, "ಅದೇ ಇರ್ಕಾ? ನೇರಳೆ ಕಂಡಂಗಾಯ್ತ್" ಎಂದು ನನ್ನ ತೊಡೆ ಹಿಂಡುತ್ತಿದ್ದಳು. ಪೇಟೆ ಸುತ್ತುವ ಆಸೆಯಿಂದ ಹೊಸ ಚಪ್ಪಲಿ ಹಾಕಿಕೊಂಡು ಬಂದ ನಾನು ಕೂತಲ್ಲೇ ತೊಡೆ ನೀಲಿ ಮಾಡಿಸಿಕೊಂಡೆ.

ಕೊನೆಗೆ ನನ್ನನ್ನು ಬೇಹಿಗೆ ಅಟ್ಟಿದರು. ಮೊದಲ ಸಲ ಕರ್ಚೀಫು ನೋಡುವ ನೆಪ. ಸೀರೆ ಇತ್ತು. ಎರಡನೆಯ ಸಲ ಲಂಗದ ಬಟ್ಟೆಯ ನೆಪ. ಆಗಲೂ ಇತ್ತು. ಮೂರನೆಯ ಸಲ ನೆಪ ಹೊಳೆಯದೆ ಸುಮ್ಮನೆ ನಿಂತೆ.

"ಹ್ವಾಯ್, ಬಟ್ಟಿ ಬೇಕಾ, ಫ್ಯಾನಿನ್ ಗಾಳಿ ಬೇಕಾ?" ಎಂದರು ಅಂಗಡಿಯವರು.

"ಗಾಳಿ" ಎಂದೆ. ಅವರು ಪಾಪ, ಫ್ಯಾನು ಜೋರು ಮಾಡಿದರು.

ಹೊಟ್ಟೆ ತಾಳ ಹಾಕುತ್ತಿತ್ತು. ಹೋಟೆಲಿಗೆ ಹೋಗೋಣವೆಂದರೆ ಅಕ್ಕ ಬೆಂಚು ಬಿಟ್ಟು ಏಳಲೊಲ್ಲಳು. ಅಮ್ಮ ಮನೆಯಿಂದ ತಂದ ಅವಲಕ್ಕಿ ಬಿಚ್ಚಿದಳು. ಅದನ್ನು ಒಣಗಿದ ಬಾಯಲ್ಲಿ ಜಗಿಯುತ್ತಿರುವಾಗ ಅಂಗಡಿಯ ಮುಂದೆ ಒಂದು ಬಿಳಿ ಕಾರು ನಿಂತು ಒಬ್ಬರು ಹೆಂಗಸು ಇಳಿದರು. ನಾನು ಅವಲಕ್ಕಿ ಮುಷ್ಟಿಯಲ್ಲೇ ಹಿಡಿದು ಓಡಿ ಹೋಗಿ ನೋಡಿ ಬಂದೆ. ನೇರಳೆ ಸೀರೆ ಅವರ ಮಡಿಲಲ್ಲಿತ್ತು.

ಅಕ್ಕ ದಡಕ್ಕನೆ ಎದ್ದಳು.

"ಕೂಕೊ. ಕಾರಿನವ್ರ್ ಬರೀ ಮುಟ್ಟಿ ಕಾಂಬ್ದ್, ತಕಂಬ್ದಿಲ್ಲೆ. ಇನ್ನೊಂಚೂರ್ ಹೊತ್ತ್ ಇಳೀಲಿ" ಎಂದಳು ಅಮ್ಮ.

ಅಕ್ಕ ಕೂರಲಿಲ್ಲ. ಜಗಳವನ್ನೂ ಆಡಲಿಲ್ಲ. ಮೆಲ್ಲಗೆ ಹೇಳಿದಳು: "ಅಮ್ಮ, ಹುಟ್ಟಿದಲ್ಲಿಂದ ಸಂಜಿ ಮೀನೇ ತಿಂದದ್ದ್ ನಾನ್. ಒಂದ್ ಸೀರಿ ಆದ್ರೂ ಬೆಳಿಗ್ಗಿದ್ ಬೇಕ್ ನಂಗೆ."

ಮೀನು ಮಾರುವವರ ಮನೆಯಲ್ಲಿ ದಿನವೂ ಒಳ್ಳೊಳ್ಳೆ ಮೀನು ಎಂದು ಶಾಲೆಯಲ್ಲಿ ಎಲ್ಲರೂ ತಿಳಿದಿದ್ದರು. ಒಳ್ಳೆಯದು ಮೊದಲೇ ಮಾರಿ ಹೋಗುತ್ತಿತ್ತು, ಅದರಿಂದಲೇ ನಮ್ಮ ಅಕ್ಕಿ, ಫೀಸು. ನಮ್ಮ ಸಾರಿಗೆ ಬೀಳುತ್ತಿದ್ದುದು ಸಂಜೆಯವರೆಗೂ ಯಾರಿಗೂ ಬೇಡವಾಗಿ ಹೊಟ್ಟೆ ಒಡೆದ ಬಂಗುಡೆ. ನಾವದನ್ನು ಚಪ್ಪರಿಸಿಯೇ ತಿಂದವರು. ಅಕ್ಕನ ಮನಸ್ಸಿನಲ್ಲಿ ಹೀಗೊಂದು ಮಾತು ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಮುಷ್ಟಿಯಲ್ಲಿದ್ದ ಅವಲಕ್ಕಿಯನ್ನು ಮತ್ತೆ ಡಬ್ಬಕ್ಕೆ ಹಾಕಿದೆ.

ಅಮ್ಮ ಅಕ್ಕನ ಮುಖ ನೋಡಿದಳು. ಆಮೇಲೆ ಸೆರಗು ಕೊಡವಿ ಎದ್ದಳು. ಚಪ್ಪಲಿ ಬೆಂಚಿನ ಕೆಳಗೇ ಉಳಿಯಿತು. ಎಡಬಲ ನೋಡದೆ ರಸ್ತೆ ದಾಟಿದ ಅವಳ ಮೇಲೆ ಸಿದ್ದಾಪುರದ ಬಸ್ಸಿನವನು ಬೆಳಗಿನಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಹಾರ್ನಿನಲ್ಲಿ ತೀರಿಸಿಕೊಂಡ. ನಾನು ಒಂದು ಕೈಯಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಅವಲಕ್ಕಿ ಡಬ್ಬ ಹಿಡಿದು ಅಕ್ಕನ ಜೊತೆ ಹಿಂದೆ ಓಡಿದೆ.

ಒಳಗೆ ಆ ಹೆಂಗಸು ಹೊಟ್ಟೆನೋವಿನ ಮುಖ ಮಾಡಿಕೊಂಡು, ಸೆರಗನ್ನು ಎರಡು ಬೆರಳಲ್ಲಿ ಹಿಡಿದು, "ಬಣ್ಣ ಅಷ್ಟೇನೂ ಚೆನ್ನಾಗಿಲ್ಲ. ಕಡಿಮೆ ಮಾಡಿ. ಬೇಕಾದರೆ ಸಂಜೆ ಬರ್ತೇನೆ" ಎನ್ನುತ್ತಿದ್ದರು.

ಅಮ್ಮ ಗಕ್ಕನೆ ನಿಂತಳು. ತನ್ನ ವಿದ್ಯೆಯನ್ನು ಇನ್ನೊಬ್ಬರು ಇಷ್ಟು ಚೆನ್ನಾಗಿ ಕಲಿತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಮರುಕ್ಷಣ ಸೀರೆಯ ಇನ್ನೊಂದು ತುದಿ ಅವಳ ಕೈಯಲ್ಲಿತ್ತು.

"ಹೌದೌದ್, ನೀವ್ ಸಂಜಿಗೇ ಬನ್ನಿ. ಸಂಜಿಗ್ ಬಂದ್ರೆ ಲಾಯ್ಕ್ ಆತ್ತ್" ಎಂದು ಮೆಲ್ಲಗೆ ಎಳೆದುಕೊಂಡಳು. ಆ ಹೆಂಗಸು ಏನು ನಡೆಯುತ್ತಿದೆ ಎಂದು ತಿಳಿಯುವುದರೊಳಗೆ ಅವರ ಮಡಿಲು ಬರಿದಾಗಿತ್ತು.

ಅಮ್ಮ ಸೀರೆಯನ್ನು ಮೇಜಿನ ಮೇಲಿಟ್ಟು, "ಕಟ್ಟಿ ಕೊಡಿ" ಎಂದಳು.

ಅಂಗಡಿಯವರು ಬಾಗಿಲಾಚೆಯ ಬೆಂಚನ್ನು ನೋಡಿದರು, ಅಮ್ಮನ ಬರಿಗಾಲು ನೋಡಿದರು, ನನ್ನ ಕೈಯ ಅವಲಕ್ಕಿ ಡಬ್ಬ ನೋಡಿದರು. ನಗು ತಡೆದುಕೊಂಡು, "ಬೆಳಿಗ್ಗಿಂದ ಕಾದಿರಿ ಅಲ್ದಾ, ಚೂರ್ ಕಡ್ಮಿ ಮಾಡ್ತೆ" ಎಂದು ಕ್ಯಾಲ್ಕುಲೇಟರ್ ಎಳೆದುಕೊಂಡರು.

"ಬ್ಯಾಡ. ಬೆಳಿಗ್ಗಿನ್ ರೇಟೇ ಹಾಕಿ" ಎಂದಳು ಅಮ್ಮ.

ಕನ್ನಡಿಯ ಹತ್ತಿರ ನಿಂತಿದ್ದ ಅಕ್ಕನಿಗೆ ಅಳು ಒತ್ತರಿಸಿ ಬಂತು. ಅಮ್ಮ ಗಡಬಡಿಸಿ ಸೀರೆಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು, "ಇದ್ರ್ ಮೇಲ್ ಕಣ್ಣೀರ್ ಬೀಳ್ಸ್ಬೇಡ ಮಾರಾಯ್ತಿ, ಆಚಿಗ್ ನಿಂತ್ಕಂಡ್ ಮರ್ಕ್" ಎಂದಳು.